ಹೊಸ ನದಿಗೆ ಮೊದಲು ಹಳೆಯ ಕೊಳವೆ



ಬೆಂಗಳೂರಿನ ನಲ್ಲಿಗಳಲ್ಲಿ ಬರುವ ನೀರು ಎಲ್ಲಿಂದ ಬರುತ್ತದೆಂದು ಕೇಳಿದರೆ ಶಾಲೆಗೆ ಹೋಗುವ ಮಗುವೂ ‘ಕಾವೇರಿಯಿಂದ’ ಎಂದು ಥಟ್ಟನೆ ಉತ್ತರಿಸುತ್ತದೆ. ಆದರೆ ಆ ನೀರು ಎಲ್ಲೆಲ್ಲಿಗೆ ಹೋಗುತ್ತದೆಂದು ಕೇಳಿದರೆ ಹಿರಿಯರೂ, ಜನಪ್ರತಿನಿಧಿಗಳೂ, ಕೊನೆಗೆ ಅದನ್ನು ಹಂಚುವ ಜಲಮಂಡಳಿಯೂ ಪೂರ್ಣವಾದ ಉತ್ತರವನ್ನು ಕೊಡಲಾರರು. ಈ ಎರಡನೆಯ ಪ್ರಶ್ನೆಯನ್ನು ಕೇಳುವುದನ್ನೇ ನಾವು ಮರೆತಿದ್ದೇವೆ. ನೀರಿಗೆ ಕೊರತೆಯಾದಾಗಲೆಲ್ಲ ನಮ್ಮ ಬಾಯಿಂದ ಹೊರಡುವುದು ಒಂದೇ ಬೇಡಿಕೆ: ಇನ್ನೊಂದು ಅಣೆಕಟ್ಟು ಕಟ್ಟಿರಿ, ಇನ್ನೊಂದು ಹಂತ ಆರಂಭಿಸಿರಿ, ಇನ್ನೊಂದು ನದಿಯನ್ನು ತನ್ನಿರಿ. 2016ರ ಸೆಪ್ಟೆಂಬರ್‌ನಲ್ಲಿ ಕಾವೇರಿಯ ಹೆಸರಿನಲ್ಲಿ ಇದೇ ನಗರದಲ್ಲಿ ಬಸ್ಸುಗಳು ಉರಿದವು. ಆದರೆ ಈಗಾಗಲೇ ತಂದಿರುವ ನೀರು ನೆಲದಡಿಯಲ್ಲಿ ಎಲ್ಲಿ ಸೋರಿಹೋಗುತ್ತಿದೆಯೆಂಬುದನ್ನು ಹುಡುಕಿಕೊಡಿ ಎಂಬ ಬೇಡಿಕೆಗೆ ಅಂತಹ ಕಾವು ಎಂದೂ ಬಂದದ್ದಿಲ್ಲ.

ಸೋರಿಕೆಯನ್ನು ಪತ್ತೆಹಚ್ಚಿ ನಿಲ್ಲಿಸುವ ಕೆಲಸಕ್ಕೆ ಮೊದಲ ಸ್ಥಾನ ಕೊಡದೆ ಮತ್ತೊಂದು ನದಿಗೆ ಕೈಚಾಚುವ ನೈತಿಕ ಹಕ್ಕು ಈ ನಗರಕ್ಕೆ ಇಲ್ಲ. ಇದು ಈ ಲೇಖನದ ವಾದ. ಒಪ್ಪುವುದೂ ಬಿಡುವುದೂ ನಿಮಗೆ ಸೇರಿದ್ದು. ಆದರೆ ಲೆಕ್ಕವನ್ನು ಒಮ್ಮೆ ಗಮನಿಸಿರಿ.

1896ರಲ್ಲಿ ಹೆಸರಘಟ್ಟದಿಂದ ನಗರಕ್ಕೆ ಕೊಳವೆ ನೀರು ಬಂದಿತು. 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯ ಸೇರಿಕೊಂಡಿತು. ಅದೂ ಸಾಲದಾದಾಗ 1974ರಲ್ಲಿ ಕಾವೇರಿಯ ಮೊದಲನೆಯ ಹಂತ ಬಂದಿತು. ಅದರ ಸಾಮರ್ಥ್ಯ ದಿನಕ್ಕೆ 13.5 ಕೋಟಿ ಲೀಟರ್. 1982ರಲ್ಲಿ ಅಷ್ಟೇ ಸಾಮರ್ಥ್ಯದ ಎರಡನೆಯ ಹಂತ, 1993ರಲ್ಲಿ 27 ಕೋಟಿ ಲೀಟರಿನ ಮೂರನೆಯ ಹಂತ, 2002 ಮತ್ತು 2012ರಲ್ಲಿ ನಾಲ್ಕನೆಯ ಹಂತದ ಎರಡು ಘಟ್ಟಗಳು, 2024ರ ಅಕ್ಟೋಬರ್‌ನಲ್ಲಿ 77.5 ಕೋಟಿ ಲೀಟರಿನ ಐದನೆಯ ಹಂತ. ಎಲ್ಲವೂ ಸೇರಿ ದಿನಕ್ಕೆ ಸುಮಾರು 222 ಕೋಟಿ ಲೀಟರ್. ಈ ನೀರು ತಾನಾಗಿ ಹರಿದು ಬರುವುದಿಲ್ಲ. ತೊರೆಕಾಡನಹಳ್ಳಿಯಲ್ಲಿ ಶುದ್ಧೀಕರಿಸಿದ ಅದನ್ನು, ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಮತ್ತೆ ಪಂಪು ಮಾಡಿ, ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರಕ್ಕೆ ಏರಿಸಿ ತರಲಾಗುತ್ತದೆ. ಇಷ್ಟು ಎತ್ತರಕ್ಕೆ ಏರಿಸಿ ನೀರು ಕುಡಿಯುವ ಮಹಾನಗರಗಳು ಲೋಕದಲ್ಲಿ ಕೆಲವೇ. ಜಲಮಂಡಳಿಯ ಖರ್ಚಿನಲ್ಲಿ ಬಹುದೊಡ್ಡ ಪಾಲು ವಿದ್ಯುತ್ತಿನದು. ಅದನ್ನು ತೆರುವವರು ನಾವು.

ಇಷ್ಟು ಕಷ್ಟದಿಂದ ತಂದ ನೀರಿನಲ್ಲಿ ಎಷ್ಟು ನಮಗೆ ಮುಟ್ಟುತ್ತದೆ? ನಗರಕ್ಕೆ ಬಿಟ್ಟ ನೀರಿಗೂ ಬಿಲ್ಲು ಮಾಡಿದ ನೀರಿಗೂ ಇರುವ ಅಂತರವನ್ನು ‘ಲೆಕ್ಕಕ್ಕೆ ಸಿಗದ ನೀರು’ ಎಂದು ಕರೆಯುತ್ತಾರೆ. ಬೆಂಗಳೂರಿನಲ್ಲಿ ಒಂದು ಕಾಲದಲ್ಲಿ ಇದು ಅರ್ಧದ ಸಮೀಪಕ್ಕೆ ಹೋಗಿತ್ತು. ಕಳೆದ ದಶಕದಲ್ಲಿ ಜಪಾನಿನ ಸಾಲದ ನೆರವಿನಿಂದ ಕೆಲವು ವಿಭಾಗಗಳಲ್ಲಿ ಹಳೆಯ ಕೊಳವೆಗಳನ್ನು ಬದಲಿಸಿ, ಸೋರಿಕೆ ಹುಡುಕಿ, ಅದನ್ನು ತಗ್ಗಿಸಲಾಯಿತು. ಈ ಶ್ರಮವನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಆದರೂ ಮಂಡಳಿಯದೇ ಅಂದಾಜಿನಂತೆ ಈಚಿನ ವರ್ಷಗಳಲ್ಲಿ ಅದು ನಾಲ್ಕನೆಯ ಒಂದು ಭಾಗಕ್ಕಿಂತ ಹೆಚ್ಚಾಗಿಯೇ ಉಳಿದಿದೆ. ಕೇಂದ್ರ ಸರ್ಕಾರ 2008ರಲ್ಲಿ ನಗರಗಳಿಗೆ ಗೊತ್ತುಪಡಿಸಿದ ಮಿತಿ ಶೇಕಡಾ 20.

2024ರ ಮಾರ್ಚ್ ತಿಂಗಳನ್ನು ನೆನಪಿಸಿಕೊಳ್ಳಿರಿ. ಸಾವಿರಾರು ಕೊಳವೆಬಾವಿಗಳು ಬತ್ತಿಹೋಗಿ, ಟ್ಯಾಂಕರ್ ನೀರಿನ ಬೆಲೆ ಏರಿ, ಬಡಾವಣೆಗಳಲ್ಲಿ ಹಾಹಾಕಾರವೆದ್ದಾಗ ಸರ್ಕಾರ ತಿಳಿಸಿದ ಕೊರತೆ ದಿನಕ್ಕೆ 50 ಕೋಟಿ ಲೀಟರ್. ಆಗ ಕಾವೇರಿಯಿಂದ ಬರುತ್ತಿದ್ದದ್ದು ಸುಮಾರು 145 ಕೋಟಿ ಲೀಟರ್. ಅದರ ನಾಲ್ಕನೆಯ ಒಂದು ಭಾಗವೆಂದರೆ 36 ಕೋಟಿ ಲೀಟರ್. ನಮ್ಮನ್ನು ಹೆದರಿಸಿದ ಆ ಕೊರತೆಯ ಮುಕ್ಕಾಲು ಪಾಲಿಗೆ ಸಮನಾದ ನೀರು ಊರೊಳಗೇ ಲೆಕ್ಕ ತಪ್ಪಿ ಹೋಗುತ್ತಿತ್ತು. ಆ ತಿಂಗಳು ಕುಡಿಯುವ ನೀರಿನಿಂದ ವಾಹನ ತೊಳೆದವರಿಗೆ 5,000 ರೂಪಾಯಿ ದಂಡವೆಂದು ಆಜ್ಞೆಯಾಯಿತು. ಆಜ್ಞೆ ಸರಿಯೇ. ಆದರೆ ಒಂದು ಬಕೆಟ್ಟು ನೀರಿಗೆ ಗೃಹಸ್ಥನನ್ನು ಹಿಡಿಯುವ ವ್ಯವಸ್ಥೆ, ಹಗಲಿರುಳು ಸೋರುವ ಕೊಳವೆಯ ಮುಂದೆ ಕೈಕಟ್ಟಿ ನಿಲ್ಲುವುದು ಯಾವ ನ್ಯಾಯ?

ಲೆಕ್ಕಕ್ಕೆ ಸಿಗದ ನೀರೆಲ್ಲವೂ ಸೋರಿಹೋದ ನೀರಲ್ಲವೆಂಬುದನ್ನು ಇಲ್ಲಿ ಹೇಳಲೇಬೇಕು. ಕೆಟ್ಟುನಿಂತ ಮೀಟರುಗಳು, ಅನಧಿಕೃತ ಸಂಪರ್ಕಗಳು, ಬಿಲ್ಲಿಲ್ಲದೆ ಕೊಡುವ ನೀರು, ಇವೂ ಆ ಲೆಕ್ಕದೊಳಗಿವೆ. ಉದಾರವಾಗಿಯೇ ಎಣಿಸಿ, ಅರ್ಧ ಮಾತ್ರ ನಿಜವಾದ ಸೋರಿಕೆ ಎನ್ನೋಣ. ಇಂದಿನ 222 ಕೋಟಿ ಲೀಟರಿನ ನಾಲ್ಕನೆಯ ಒಂದು ಭಾಗದ ಅರ್ಧವೆಂದರೆ ಸುಮಾರು 27 ಕೋಟಿ ಲೀಟರ್. 1993ರಲ್ಲಿ ಅಷ್ಟೊಂದು ಹಣ ಸುರಿದು ತಂದ ಮೂರನೆಯ ಹಂತದ ಇಡೀ ನೀರು ಅಷ್ಟೇ.

ಹಾಗಾದರೆ ಸೋರಿಕೆ ನಮ್ಮ ಕಣ್ಣಿಗೆ ಬೀಳುವುದಿಲ್ಲವೇಕೆ? ರಸ್ತೆಯಲ್ಲಿ ದೊಡ್ಡ ಕೊಳವೆ ಒಡೆದು ನೀರು ಕಾರಂಜಿಯಂತೆ ಚಿಮ್ಮಿದರೆ ಜನ ಸೇರುತ್ತಾರೆ, ಪತ್ರಿಕೆಯಲ್ಲಿ ಚಿತ್ರ ಬರುತ್ತದೆ, ಸಂಜೆಯೊಳಗೆ ದುರಸ್ತಿಯಾಗುತ್ತದೆ. ಸೆಕೆಂಡಿಗೆ 10 ಲೀಟರಿನಂತೆ 12 ಗಂಟೆ ಹರಿದರೂ ಪೋಲಾಗುವುದು ಸುಮಾರು 4.3 ಲಕ್ಷ ಲೀಟರ್. ಇನ್ನೊಂದೆಡೆ, ಹೆಸರುಕಾಳಿಗಿಂತಲೂ ಚಿಕ್ಕದಾದ, 3 ಮಿಲಿಮೀಟರ್ ಅಗಲದ ಒಂದು ರಂಧ್ರವನ್ನು ಊಹಿಸಿಕೊಳ್ಳಿರಿ. 20 ಮೀಟರ್ ಎತ್ತರದ ನೀರಿನ ಒತ್ತಡ ಸದಾ ಇದ್ದರೆ ಅದರ ಮೂಲಕ ದಿನಕ್ಕೆ ಸುಮಾರು 7,000 ಲೀಟರ್ ಹೊರಹೋಗುತ್ತದೆ. ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬ ಸರ್ಕಾರಿ ಮಾನದಂಡದಂತೆ ಐವರಿರುವ 10 ಸಂಸಾರಗಳ ಪಾಲು ಅದು. ಒಂದು ವರ್ಷ ಯಾರ ಕಣ್ಣಿಗೂ ಬೀಳದಿದ್ದರೆ 25 ಲಕ್ಷ ಲೀಟರ್! ನಗರವನ್ನು ಬರಿದು ಮಾಡುವುದು ಚಿಮ್ಮುವ ಕಾರಂಜಿಯಲ್ಲ. ಸದ್ದಿಲ್ಲದೆ ವರ್ಷಗಟ್ಟಲೆ ಮಣ್ಣಿನೊಳಗೆ ಇಂಗುವ, ಚರಂಡಿಗೆ ಸೇರುವ ಈ ಸಣ್ಣ ತೂತುಗಳು. ಇವುಗಳಲ್ಲಿ ಹೆಚ್ಚಿನವು ಇರುವುದು ಬೀದಿಯ ಕೊಳವೆಯಿಂದ ಮನೆಗೆ ಕವಲೊಡೆಯುವ ಜಾಗದಲ್ಲಿ, ತುಕ್ಕು ಹಿಡಿದ ಮನೆಸಂಪರ್ಕದ ಕೊಳವೆಗಳಲ್ಲಿ, ಸಡಿಲಗೊಂಡ ಜೋಡಣೆಗಳಲ್ಲಿ.

‘ಕಾಣದ್ದನ್ನು ಹುಡುಕುವುದು ಹೇಗೆ? ಊರನ್ನೆಲ್ಲ ಅಗೆಯಲು ಸಾಧ್ಯವೇ?’ ಎಂದು ನೀವು ಕೇಳಬಹುದು. ಅಗೆಯಬೇಕಾಗಿಲ್ಲ, ಅಳೆಯಬೇಕು, ಆಲಿಸಬೇಕು. ಮೊದಲನೆಯದಾಗಿ, ನಗರವನ್ನು ಸಾವಿರ ಎರಡು ಸಾವಿರ ಮನೆಗಳ ಚಿಕ್ಕ ಚಿಕ್ಕ ವಲಯಗಳಾಗಿ ವಿಂಗಡಿಸಿ, ಪ್ರತಿಯೊಂದಕ್ಕೂ ನೀರು ಪ್ರವೇಶಿಸುವಲ್ಲಿ ಮೀಟರ್ ಅಳವಡಿಸಬೇಕು. ರಾತ್ರಿ ಎರಡರಿಂದ ನಾಲ್ಕು ಗಂಟೆಯವರೆಗೆ ಜನರೆಲ್ಲ ನಿದ್ರಿಸುತ್ತಿರುವಾಗಲೂ ಆ ಮೀಟರಿನಲ್ಲಿ ನೀರು ಹರಿಯುತ್ತಲೇ ಇದ್ದರೆ, ಆ ವಲಯದಲ್ಲಿ ಸೋರಿಕೆ ಇದೆಯೆಂದು ತಿಳಿಯುತ್ತದೆ. ಬಳಿಕ ಒಂದೊಂದೇ ಬೀದಿಯ ವಾಲ್ವನ್ನು ಮುಚ್ಚುತ್ತಾ ಹೋದರೆ, ಯಾವ ಬೀದಿಯನ್ನು ಮುಚ್ಚಿದಾಗ ಹರಿವು ಒಮ್ಮೆಲೇ ಇಳಿಯಿತೋ ಅಲ್ಲಿಯೇ ದೋಷ.

ಬೀದಿ ಗೊತ್ತಾದ ಮೇಲೆ ಜಾಗವನ್ನು ಹೇಳುವುದು ಸದ್ದು. ಒತ್ತಡದಿಂದ ಹೊರಬೀಳುವ ನೀರು ಕೊಳವೆಯನ್ನು ನಡುಗಿಸಿ ಒಂದು ಸಣ್ಣ ‘ಸುಯ್’ ಎಂಬ ಸದ್ದನ್ನು ಉಂಟುಮಾಡುತ್ತದೆ. ಲೋಹದ ಕೋಲಿನ ಒಂದು ತುದಿಯನ್ನು ವಾಲ್ವಿನ ಮೇಲಿಟ್ಟು ಮತ್ತೊಂದಕ್ಕೆ ಕಿವಿಗೊಟ್ಟು ಕೇಳುವ ವಿದ್ಯೆ ಬಹಳ ಹಳೆಯದು. ನುರಿತ ಕೆಲಸಗಾರನ ಕಿವಿಯ ಮುಂದೆ ಇಂದಿಗೂ ಅನೇಕ ಯಂತ್ರಗಳು ಸೋಲುತ್ತವೆ. ಈಗ ಅದಕ್ಕೆ ನೆರವಾಗುವ ಉಪಕರಣವೂ ಇದೆ. 100 ಮೀಟರ್ ಅಂತರದ ಎರಡು ವಾಲ್ವುಗಳ ಮೇಲೆ ಎರಡು ಸಂವೇದಕಗಳನ್ನು ಇಡುತ್ತಾರೆ. ಸದ್ದು ಮೊದಲನೆಯದನ್ನು ಎರಡನೆಯದಕ್ಕಿಂತ ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗದಷ್ಟು ಮುಂಚೆ ತಲುಪಿತೆನ್ನಿ. ಕಬ್ಬಿಣದ ಕೊಳವೆಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 1,200 ಮೀಟರ್ ಸಾಗುವುದರಿಂದ ದೂರದ ವ್ಯತ್ಯಾಸ 60 ಮೀಟರ್. ಸೋರಿಕೆ ಇರುವುದು ಮೊದಲ ವಾಲ್ವಿನಿಂದ 20 ಮೀಟರ್, ಎರಡನೆಯದರಿಂದ 80 ಮೀಟರ್ ದೂರದಲ್ಲಿ. ಪ್ರೌಢಶಾಲೆಯ ವಿದ್ಯಾರ್ಥಿಯೂ ಮಾಡಬಲ್ಲ ಲೆಕ್ಕವಿದು. ಸದ್ದು ಚೆನ್ನಾಗಿ ಸಾಗದ ಪ್ಲಾಸ್ಟಿಕ್ ಕೊಳವೆಗಳಿಗೆ ಜಲಜನಕ ಬೆರೆತ ಸಾರಜನಕವನ್ನೋ ಹೀಲಿಯಮ್ಮನ್ನೋ ತುಂಬಿ, ನೆಲದ ಮೇಲೆ ಅನಿಲ ಎಲ್ಲಿ ಹೊರಬರುತ್ತದೆಂದು ನೋಡುವ ವಿಧಾನವಿದೆ. ವಿದ್ಯೆಯ ಕೊರತೆ ನಮಗಿಲ್ಲ.

ಕೊರತೆ ಇರುವುದು ಬೇರೆ ಕಡೆ. ಈ ಪರೀಕ್ಷೆಗಳಿಗೆಲ್ಲ ಕೊಳವೆಯಲ್ಲಿ ಸದಾ ಒತ್ತಡವಿರಬೇಕು. ನಮ್ಮಲ್ಲಿ ಅನೇಕ ಬಡಾವಣೆಗಳಿಗೆ ನೀರು ದಿನ ಬಿಟ್ಟು ದಿನ, ಕೆಲವೇ ಗಂಟೆಗಳ ಕಾಲ ಬರುತ್ತದೆ. ಬಂದ ಕೂಡಲೆ ಮನೆಮನೆಯ ಸಂಪುಗಳು ಬಾಯ್ದೆರೆದು ತುಂಬಿಕೊಳ್ಳುತ್ತವೆ. ಸರದಿ ರಾತ್ರಿಯದಾದರೆ ಸೋರಿಕೆಯ ಹರಿವು ಯಾವುದು, ಸಂಪಿನ ಹರಿವು ಯಾವುದು ಎಂದು ಹೇಳುವಂತಿಲ್ಲ. ನೀರು ನಿಂತ ಕೂಡಲೆ ಕೊಳವೆ ಖಾಲಿಯಾಗುತ್ತದೆ. ಆಲಿಸಲು ಸದ್ದೇ ಇರುವುದಿಲ್ಲ. ಮತ್ತೆ ನೀರು ಬಿಟ್ಟಾಗ ಒಳಗಿನ ಗಾಳಿ ನುಗ್ಗಿ ಮೀಟರನ್ನು ಸುಳ್ಳಾಗಿ ತಿರುಗಿಸುತ್ತದೆ, ಒತ್ತಡದ ಹೊಡೆತಕ್ಕೆ ಜೋಡಣೆಗಳು ಇನ್ನಷ್ಟು ಸಡಿಲವಾಗುತ್ತವೆ. ಸೋರುವುದರಿಂದ ನೀರು ಸಾಲದು; ಸಾಲದೆಂದು ಬಿಟ್ಟು ಬಿಟ್ಟು ಕೊಡುತ್ತೇವೆ; ಬಿಟ್ಟು ಬಿಟ್ಟು ಕೊಡುವುದರಿಂದ ಮತ್ತಷ್ಟು ಸೋರುತ್ತದೆ. ಈ ವಿಷವರ್ತುಲದಿಂದ ಪಾರಾಗುವ ದಾರಿ ಹೊಸ ನದಿಯಲ್ಲ. ಬಿರುಕು ಬಿಟ್ಟ ಕೊಡಕ್ಕೆ ಎಷ್ಟು ಹೊಯ್ದರೇನು?

ಇದರ ಅತ್ಯಂತ ಕ್ರೂರ ಪರಿಣಾಮ ಆರೋಗ್ಯದ್ದು. ಮನೆಗೆ ಹೋಗುವ ಕೊಳವೆಗಳು ಚರಂಡಿಯೊಳಗೇ ಹಾದುಹೋಗುವುದನ್ನು ನೀವು ಎಷ್ಟೋ ಬೀದಿಗಳಲ್ಲಿ ಕಂಡಿದ್ದೀರಿ. ಒತ್ತಡವಿರುವಾಗ ನೀರು ತೂತಿನಿಂದ ಹೊರಬರುತ್ತದೆ. ಒತ್ತಡ ನಿಂತಾಗ ಅದೇ ತೂತು ಚರಂಡಿಯ ಕೊಳಕನ್ನು ಒಳಗೆಳೆಯುತ್ತದೆ. ಮರುದಿನ ನಲ್ಲಿಯಲ್ಲಿ ಮೊದಲು ಬರುವುದು ಅದೇ ನೀರು. ವಾಂತಿಭೇದಿ, ವಿಷಮಶೀತಜ್ವರ, ಕಾಮಾಲೆಗಳು ಮನೆಯೊಳಗೆ ಬರುವ ದಾರಿಗಳಲ್ಲಿ ಇದೂ ಒಂದು. ಹೆಚ್ಚು ನೀರು ಸಿಗಲೆಂದು ಬೀದಿಯ ಕೊಳವೆಗೆ ನೇರವಾಗಿ ಮೋಟಾರು ಹಚ್ಚಿ ಎಳೆಯುವವರು ಈ ಹೀರುವಿಕೆಯನ್ನು ಇನ್ನಷ್ಟು ಹೆಚ್ಚಿಸುತ್ತಾರೆ. ಅಂತಹ ಮೋಟಾರುಗಳು ನಮ್ಮ ಧರ್ಮಕೇಂದ್ರಗಳ ಕುಟುಂಬಗಳಲ್ಲಿ ಇಲ್ಲವೆಂದು ಎದೆಮುಟ್ಟಿ ಹೇಳಬಲ್ಲೆವೇ? ನೆರೆಮನೆಯ ಮಗುವಿನ ಲೋಟಕ್ಕೆ ಚರಂಡಿಯ ನೀರನ್ನು ಸೆಳೆದು ತರುವ ಯಂತ್ರವದು.

ಈ ವಾದಕ್ಕೆ ಎದುರಾಗಿ ಹೇಳುವ ಮಾತುಗಳನ್ನೂ ಪರಿಶೀಲಿಸೋಣ. ‘ಸೋರಿದ ನೀರು ನಷ್ಟವಾಗುವುದಿಲ್ಲ, ಅಂತರ್ಜಲಕ್ಕೆ ಸೇರಿ ಕೊಳವೆಬಾವಿಯಲ್ಲಿ ಮತ್ತೆ ಬರುತ್ತದೆ’ ಎನ್ನುವವರಿದ್ದಾರೆ. ಹಳೆಯ ಬೆಂಗಳೂರಿನ ಅಂತರ್ಜಲಕ್ಕೆ ಸೋರಿಕೆಯ ಪಾಲೂ ಇದೆಯೆಂಬುದು ನಿಜ. ಆದರೆ 500 ಮೀಟರ್ ಮೇಲಕ್ಕೆತ್ತಿ, ಕ್ಲೋರಿನ್ ಹಾಕಿ ಶುದ್ಧಗೊಳಿಸಿದ ನೀರನ್ನು ಮಣ್ಣಿಗೆ ಸುರಿದು, ಒಳಚರಂಡಿಯ ಸೋರಿಕೆಯೊಡನೆ ಬೆರೆಸಿ, ಮತ್ತೆ ವಿದ್ಯುತ್ತು ವ್ಯಯಿಸಿ ಮೇಲೆತ್ತುವುದು ಯಾವ ಜಾಣತನ? ಅದಲ್ಲದೆ ಎಲ್ಲರಿಗೂ ಸೇರಿದ್ದ ನೀರು, ನೆಲಕ್ಕೆ ಇಳಿದ ಬಳಿಕ ಆಳವಾದ ಕೊಳವೆಬಾವಿ ಕೊರೆಸಬಲ್ಲವನದು, ಟ್ಯಾಂಕರ್ ಇಟ್ಟುಕೊಂಡವನದು ಆಗುತ್ತದೆ. ಸರ್ಕಾರದ ಹಣದಿಂದ ಬಂದ ನೀರನ್ನು ಬಡವನು ಎರಡನೆಯ ಬಾರಿ ದುಡ್ಡು ಕೊಟ್ಟು ಕೊಳ್ಳುತ್ತಾನೆ.

‘ಸೋರಿಕೆ ಹುಡುಕುವ ಖರ್ಚು ಉಳಿಯುವ ನೀರಿಗಿಂತ ದುಬಾರಿ’ ಎಂಬುದು ಇನ್ನೊಂದು ಮಾತು. ಸೋರಿಕೆ ಶೇಕಡಾ ಮೂರು ನಾಲ್ಕಕ್ಕೆ ಇಳಿದಿರುವ ಊರಿನಲ್ಲಿ ಈ ಮಾತಿಗೆ ಅರ್ಥವಿದೆ. ಕಾಲುಭಾಗ ಕಾಣೆಯಾಗಿರುವ ಊರಿನಲ್ಲಿ ಅದು ಸೋಮಾರಿತನದ ನೆಪ. ‘ಕೊಳೆಗೇರಿಯವರು ನೀರು ಕದಿಯುತ್ತಾರೆ, ಅದಕ್ಕೇ ಲೆಕ್ಕ ಸಿಗುವುದಿಲ್ಲ’ ಎಂಬುದು ಮೂರನೆಯದು, ಎಲ್ಲಕ್ಕಿಂತ ಹೀನವಾದದ್ದು. ಅಳತೆಯೇ ಇಲ್ಲದಿರುವಾಗ ಕಳ್ಳನಾರೆಂದು ನಿರ್ಧರಿಸಿದವರು ಯಾರು? ವಲಯವಾರು ಮೀಟರ್ ಇಟ್ಟರೆ ಸೋರಿದ್ದೆಷ್ಟು, ಕದ್ದದ್ದೆಷ್ಟು, ಕೆಟ್ಟ ಮೀಟರಿನ ದೊಡ್ಡ ಕಟ್ಟಡಕ್ಕೆ ಹೋದದ್ದೆಷ್ಟು ಎಂಬುದು ಬೇರ್ಪಡುತ್ತದೆ. ಅಳತೆಯಿಲ್ಲದ ಕಡೆ ಅಪವಾದ ಬೀಳುವುದು ಯಾವಾಗಲೂ ಬಾಯಿಲ್ಲದವನ ಮೇಲೆ.

‘ನಮ್ಮಂತಹ ದೇಶದಲ್ಲಿ ಇದೆಲ್ಲ ಆಗದ ಕೆಲಸ’ ಎಂಬ ನಿಟ್ಟುಸಿರಿಗೆ ಕಾಂಬೋಡಿಯದ ರಾಜಧಾನಿ ಫ್ನೋಮ್ ಪೆನ್ಹ್ ಉತ್ತರ ಕೊಟ್ಟಿದೆ. ನರಮೇಧವನ್ನೂ ಯುದ್ಧವನ್ನೂ ಕಂಡು ಜರ್ಜರಿತವಾಗಿದ್ದ ಆ ನಗರದಲ್ಲಿ 1993ರಲ್ಲಿ ಶೇಕಡಾ 72ರಷ್ಟು ನೀರು ಲೆಕ್ಕಕ್ಕೆ ಸಿಗುತ್ತಿರಲಿಲ್ಲ. ಆ ವರ್ಷ ಜಲಸಂಸ್ಥೆಯ ಹೊಣೆ ಹೊತ್ತ ಏಕ್ ಸೊನ್ ಚಾನ್ ಎಂಬ ಇಂಜಿನಿಯರ್ ಹಳೆಯ ಕೊಳವೆಗಳನ್ನು ಬದಲಿಸಿದರು, ಮನೆಮನೆಗೂ ಮೀಟರ್ ಹಾಕಿಸಿದರು, ಸೋರಿಕೆ ಹುಡುಕಲು ಹಗಲಿರುಳೂ ಸಿದ್ಧವಿರುವ ತಂಡಗಳನ್ನು ನೇಮಿಸಿದರು, ಬಿಲ್ಲು ಕಟ್ಟದ ಪ್ರಭಾವಿಗಳ ಸಂಪರ್ಕವನ್ನೂ ಕಡಿದರು, ಬಡವರಿಗೆ ರಿಯಾಯಿತಿಯಲ್ಲಿ ಸಂಪರ್ಕ ಕೊಟ್ಟರು. ಎರಡು ದಶಕಗಳು ತುಂಬುವ ಮೊದಲೇ ನಷ್ಟ ಶೇಕಡಾ 6ರ ಆಸುಪಾಸಿಗೆ ಇಳಿಯಿತು. ದಿನದ 24 ಗಂಟೆಯೂ ನೀರು ಬರತೊಡಗಿತು. 2006ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ದೊರೆಯಿತು. ಶ್ರೀಮಂತ ಟೋಕಿಯೋದ ಮಾತು ಹಾಗಿರಲಿ, ಅಲ್ಲಿ ಸೋರಿಕೆ ಶೇಕಡಾ 3ರಷ್ಟು ಮಾತ್ರ. ನಮ್ಮ ರಾಜ್ಯದಲ್ಲಿಯೇ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಗಳ ಆಯ್ದ ವಾರ್ಡುಗಳಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಕೊಳವೆಗಳನ್ನೆಲ್ಲ ಬದಲಿಸಿ, 2008ರ ಹೊತ್ತಿಗೆ ನಿರಂತರ ನೀರು ಕೊಡಲಾಯಿತು. ಅದನ್ನು ಇಡೀ ನಗರಗಳಿಗೆ ವಿಸ್ತರಿಸುವ ಕೆಲಸ ಮಾತ್ರ ಕುಂಟುತ್ತಾ ಸಾಗಿತು. ಸಾಧ್ಯವೆಂದು ತೋರಿಸಿದ ಮೇಲೆಯೂ ಮಾಡದೆ ಉಳಿದರೆ ಅದಕ್ಕೆ ಬಡತನವನ್ನು ದೂರುವಂತಿಲ್ಲ.

ಮಾಡದೆ ಉಳಿಯಲು ಕಾರಣವೇನು? ಹೊಸ ಹಂತಕ್ಕೆ ಶಂಕುಸ್ಥಾಪನೆಯಿದೆ, ಉದ್ಘಾಟನೆಯಿದೆ, ಸಾವಿರಾರು ಕೋಟಿಯ ಗುತ್ತಿಗೆಯಿದೆ. ನಡುರಾತ್ರಿ ಬೀದಿಯಲ್ಲಿ ಕೋಲಿಗೆ ಕಿವಿಗೊಟ್ಟು ನಿಂತ ಕೆಲಸಗಾರನಿಗೆ ಯಾರೂ ಹಾರ ಹಾಕುವುದಿಲ್ಲ. ಆದರೆ ಹೊಸ ನೀರಿಗೆ ಬೆಲೆ ತೆರುವವರು ಬೇರೆಯವರು. 2018ರಲ್ಲಿ ಸರ್ವೋಚ್ಚ ನ್ಯಾಯಾಲಯ ಬೆಂಗಳೂರಿನ ಕುಡಿಯುವ ನೀರಿಗೆಂದು 4.75 ಟಿಎಂಸಿಯನ್ನು ಹೆಚ್ಚುವರಿಯಾಗಿ ಒದಗಿಸಿತು. ಅದು ಎರಡು ರಾಜ್ಯಗಳ ರೈತರು ದಶಕಗಳಿಂದ ಹೋರಾಡುತ್ತಿರುವ ನದಿಯ ನೀರು. 2019ರಲ್ಲಿ ಶರಾವತಿಯನ್ನು ಬೆಂಗಳೂರಿಗೆ ತರುವ ಪ್ರಸ್ತಾಪ ಕೇಳಿಬಂದಾಗ ಶಿವಮೊಗ್ಗ ಜಿಲ್ಲೆಯ ಜನ ಬಂದ್ ಆಚರಿಸಿ ವಿರೋಧಿಸಿದರು. ಲಿಂಗನಮಕ್ಕಿಯ ಹಿನ್ನೀರಿಗೆ ಹೊಲಮನೆ ಬಿಟ್ಟುಕೊಟ್ಟವರ ಊರು ಅದು. ಅವರು ನಮ್ಮನ್ನು ‘ನೀವು ಈಗಾಗಲೇ ಒಯ್ದ ನೀರನ್ನು ಏನು ಮಾಡಿದಿರಿ?’ ಎಂದು ಕೇಳಿದರೆ ನಮ್ಮ ಉತ್ತರವೇನು? ಐದು ರೊಟ್ಟಿಗಳಿಂದ ಸಾವಿರಾರು ಜನರನ್ನು ತಣಿಸಿದ ಸ್ವಾಮಿಯೇ ಉಳಿದ ಚೂರುಗಳನ್ನು ಪುಟ್ಟಿಗಳಲ್ಲಿ ಕೂಡಿಡಿಸಿದರೆಂದು ನಾವು ಓದಿದ್ದೇವೆ. ಪವಾಡದಿಂದ ದೊರೆತದ್ದಕ್ಕೇ ಆ ಎಚ್ಚರವಿದ್ದರೆ, ಇನ್ನೊಬ್ಬರ ಹೊಲದಿಂದ ತಂದದ್ದಕ್ಕೆ ಎಷ್ಟು ಇರಬೇಡ?

ಆದುದರಿಂದ, ವಾಚಕರೇ, ನಾವು ಕೇಳಬೇಕಾದದ್ದನ್ನು ಸ್ಪಷ್ಟವಾಗಿ ಕೇಳೋಣ. ಪ್ರತಿ ವಾರ್ಡಿಗೆ ಬಿಟ್ಟ ನೀರೆಷ್ಟು, ಬಿಲ್ಲಾದ ನೀರೆಷ್ಟು ಎಂಬ ಲೆಕ್ಕವನ್ನು ಜಲಮಂಡಳಿ ವರ್ಷವರ್ಷವೂ ಪ್ರಕಟಿಸಲಿ. ಉಳಿದ ವಿಭಾಗಗಳಲ್ಲಿಯೂ ಅಳತೆ ವಲಯಗಳನ್ನು ರೂಪಿಸಲಿ. ರಸ್ತೆ ಅಗೆಯುವ ಪ್ರತಿಯೊಬ್ಬನಿಗೂ ಕೊಳವೆಯ ನಕ್ಷೆಯನ್ನು ಮೊದಲು ಕೊಡಲಿ. ಒಡೆದರೆ ಅವನಿಂದಲೇ ವಸೂಲು ಮಾಡಲಿ. ದೂರು ಬಂದ ಸೋರಿಕೆಯನ್ನು ಇಷ್ಟು ದಿನದೊಳಗೆ ಮುಚ್ಚುವೆವೆಂಬ ವಾಗ್ದಾನ ಬರಹದಲ್ಲಿರಲಿ. 2025ರ ಏಪ್ರಿಲ್‌ನಲ್ಲಿ, 2014ರ ಬಳಿಕ ಮೊದಲ ಬಾರಿಗೆ, ನೀರಿನ ದರ ಏರಿತು. ಹೆಚ್ಚು ತೆರುವವರಿಗೆ ಲೆಕ್ಕ ಕೇಳುವ ಹಕ್ಕೂ ಇದೆ.

ಕೇಳುವ ಮೊದಲು ನಮ್ಮ ಅಂಗಳವನ್ನೂ ನೋಡಿಕೊಳ್ಳೋಣ. ಇಂದು ರಾತ್ರಿ ಸಂಪು ತುಂಬಿದ ಬಳಿಕ ಒಳಬರುವ ವಾಲ್ವನ್ನು ಮುಚ್ಚಿ, ಮೋಟಾರನ್ನು ನಿಲ್ಲಿಸಿ, ನೀರಿನ ಮಟ್ಟಕ್ಕೆ ಸೀಮೆಸುಣ್ಣದಿಂದ ಗೆರೆ ಎಳೆಯಿರಿ. ಬೆಳಿಗ್ಗೆ ಮಟ್ಟ ಇಳಿದಿದ್ದರೆ ಸಂಪು ಒಡೆದಿದೆ. ಇನ್ನೊಂದು ದಿನ, ನೀರಿನ ಸರದಿ ಇರುವಾಗ, ಮನೆಯ ಎಲ್ಲ ನಲ್ಲಿಗಳನ್ನೂ ಸಂಪಿನ ಬಾಯಿಯನ್ನೂ ಮುಚ್ಚಿ ಮೀಟರನ್ನು ಗಮನಿಸಿರಿ. ಆಗಲೂ ಅದು ತಿರುಗುತ್ತಿದ್ದರೆ ಮೀಟರಿನಿಂದ ಒಳಕ್ಕೆ ಎಲ್ಲೋ ಸೋರಿಕೆ ಇದೆ. ಶೌಚಾಲಯದ ಫ್ಲಶ್ ತೊಟ್ಟಿಗೆ ಸ್ವಲ್ಪ ಬಣ್ಣ ಬೆರೆಸಿ ಅರ್ಧ ಗಂಟೆ ಬಿಡಿ. ಮುಟ್ಟದಿದ್ದರೂ ಬಣ್ಣ ಕೆಳಗಿಳಿದರೆ ಅದರ ವಾಷರು ಸವೆದಿದೆ. ನಮ್ಮ ಶಾಲೆ, ವಸತಿನಿಲಯ, ಆಸ್ಪತ್ರೆಗಳ ವಿಶಾಲವಾದ ಆವರಣಗಳಲ್ಲಿ ಎಂದೋ ಹೂತ, ಯಾರಿಗೂ ದಾರಿ ಗೊತ್ತಿಲ್ಲದ ಕೊಳವೆಗಳಿವೆ. ಅವುಗಳ ನಕ್ಷೆ ಬರೆದು, ಕಟ್ಟಡಕ್ಕೊಂದು ಮೀಟರ್ ಇಟ್ಟು, ತಿಂಗಳಿಗೊಮ್ಮೆ ಲೆಕ್ಕ ನೋಡುವ ಹೊಣೆಯನ್ನು ಯುವಜನರ ಸಂಘಕ್ಕೆ ವಹಿಸಬಹುದು. ಹತ್ತನೆಯ ತರಗತಿಯ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ವಿಜ್ಞಾನದ ಪಾಠವಿಲ್ಲ.

ಬೀದಿಯಲ್ಲಿ ಮಳೆಯಿಲ್ಲದ ದಿನವೂ ಒಣಗದ ತೇವ ಕಂಡರೆ, ಚರಂಡಿಯಲ್ಲಿ ತಿಳಿನೀರು ಹರಿಯುತ್ತಿದ್ದರೆ ದಾಟಿಹೋಗಬೇಡಿರಿ. ದೂರು ಬರೆಸಿ, ಅದರ ಸಂಖ್ಯೆ ಪಡೆದುಕೊಳ್ಳಿರಿ. ಮುಚ್ಚುವವರೆಗೆ ವಾರ ವಾರವೂ ವಿಚಾರಿಸಿರಿ. ಮುಂದಿನ ಬಾರಿ ನಿಮ್ಮ ಮನೆಬಾಗಿಲಿಗೆ ಮತ ಕೇಳಲು ಬಂದವರು ಹೊಸ ನದಿಯೊಂದನ್ನು ತರುವ ಭರವಸೆ ಕೊಟ್ಟರೆ, ನಮ್ಮ ವಾರ್ಡಿನ ಸೋರಿಕೆಯ ಲೆಕ್ಕವನ್ನು ಮೊದಲು ತನ್ನಿರಿ ಎಂದು ಹೇಳಿ ಕಳುಹಿಸಿರಿ.